ಒಂದೇ ಪಂಕ್ತಿಯಲ್ಲಿ ಕೂತ ಪಾದ್ರಿ

ನಮ್ಮ ಕ್ಯಾಂಪಸ್ಸಿನಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಬೇಕಾದಷ್ಟು ಜನ ಇದ್ದಾರೆ. ಮುಳಬಾಗಿಲು ದೋಸೆ, ಶ್ರೀನಿವಾಸಪುರದ ಮಾವಿನಹಣ್ಣು ಅಂತ ಮಾತು ಶುರುವಾದರೆ ಮುಗಿಯೋದೇ ಇಲ್ಲ. ಆ ಊರುಗಳಲ್ಲಿ ಹಳೇ ಚರ್ಚುಗಳೂ ಇವೆ. ಕೋಲಾರದ ಇ.ಟಿ.ಸಿ.ಎಂ. ಆಸ್ಪತ್ರೆ ಗೊತ್ತಿಲ್ಲದ ಕೋಲಾರದವರು ಸಿಗೋದು ಕಷ್ಟ. ಅದು ಮೆಥೋಡಿಸ್ಟ್ ಮಿಷನ್ ಕಟ್ಟಿದ ಆಸ್ಪತ್ರೆ. ಆ ಕಡೆಯ ಕ್ರೈಸ್ತ ಗೆಳೆಯರ ಮನೆಗಳಲ್ಲಿ, ಸಭೆಗಳಲ್ಲಿ ಮತ್ತೆ ಮತ್ತೆ ಬರೋ ಮಾತೊಂದಿದೆ: ಬದುಕಿನಲ್ಲಿ ಯೇಸುವಿಗೇ ಮೊದಲ ಜಾಗ. ಭಾನುವಾರ ಬೆಳಗ್ಗೆ ಎರಡು ಗಂಟೆ ಆ ಜಾಗ ಕೊಡೋದು ಸುಲಭ. ಸೋಮವಾರದಿಂದ ಶನಿವಾರದವರೆಗೆ ಏನು ಮಾಡೋದು? ಊಟ ಯಾರ ಜೊತೆ, ಮನೆ ಎಲ್ಲಿ, ದುಡ್ಡು ಎಲ್ಲಿಗೆ, ಮೇಲಧಿಕಾರಿ ಬೇಡ ಅಂದರೆ ಏನು ಗತಿ? ಪ್ರಶ್ನೆ ಶುರುವಾಗೋದು ಅಲ್ಲಿ.

ಈ ಸಂಚಿಕೆಗೆ ನಾವು ಆರಿಸಿಕೊಂಡ ವ್ಯಕ್ತಿ ಆ ಮಾತನ್ನು ಅಕ್ಷರಶಃ ತೆಗೆದುಕೊಂಡವರು. ಅವರು ದುಡಿದದ್ದು ಕೋಲಾರದ ಕಡೆ ಅಲ್ಲ, ಮಂಗಳೂರಿನಲ್ಲಿ, ಕೊಡಗಿನಲ್ಲಿ. ಹೆಸರು ಹರ್ಮನ್ ಮೊಗ್ಲಿಂಗ್. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನಿಸಿದರೆ ಅದಕ್ಕೆ ಕಾರಣ ಜುಲೈ 1. ಪ್ರತಿ ವರ್ಷ ಆ ದಿನ ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದಲ್ಲ, ಅದು ಮೊಗ್ಲಿಂಗರ ‘ಮಂಗಳೂರು ಸಮಾಚಾರ’ದ ಮೊದಲ ಸಂಚಿಕೆ ಹೊರಬಂದ ದಿನ. ಕನ್ನಡದ ಮೊದಲ ಪತ್ರಿಕೆಯ ಸಂಪಾದಕ ಅಂತ ಕ್ವಿಜ್‌ನಲ್ಲಿ ಉತ್ತರ ಬರೆದು ನಾವೆಲ್ಲ ಮುಂದೆ ಹೋಗಿಬಿಡ್ತೀವಿ. ಆದರೆ ಪತ್ರಿಕೆ ಅವರ ಬದುಕಿನ ಒಂದು ತುಂಡು, ಅಷ್ಟೇ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಅನ್ನೋ ಸಣ್ಣ ಊರಿನಲ್ಲಿ. ಓದಿದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ. ಆ ಕಾಲಕ್ಕೆ ಅದು ಬುದ್ಧಿವಂತರು ಹೋಗುವ ಜಾಗ. ಅಲ್ಲಿ ಅವರಿಗೆ ಸಿಕ್ಕ ಗೆಳೆಯರಲ್ಲಿ ಒಬ್ಬರು ಹರ್ಮನ್ ಗುಂಡರ್ಟ್; ಮುಂದೆ ಮಲಯಾಳಂ ನಿಘಂಟು, ವ್ಯಾಕರಣ ಬರೆದು ಕೇರಳದಲ್ಲಿ ಮನೆಮಾತಾದವರು. ಇಬ್ಬರೂ ಊರಲ್ಲೇ ಉಳಿದಿದ್ದರೆ ಒಳ್ಳೇ ಸಂಬಳದ ಪಾದ್ರಿಗಳಾಗಿ, ತೋಟದ ಮನೆಯಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. ಮೊಗ್ಲಿಂಗ್ 1835ರಲ್ಲಿ ಬಾಸೆಲ್ ಮಿಷನ್ ಸೇರಿದರು, ಮುಂದಿನ ವರ್ಷ ಮಂಗಳೂರಿಗೆ ಬಂದಿಳಿದರು.

ಬಾಸೆಲ್ ಮಿಷನ್ ಬಗ್ಗೆ ಒಂದೆರಡು ಮಾತು ಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಶುರುವಾದ ಸಂಸ್ಥೆ ಅದು. ಅವರ ಮೊದಲ ಮೂವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿ ಎಲ್ಲಕ್ಕೂ ಒಂದು ಸಮಿತಿ ಇತ್ತು. ಯಾರು ಎಲ್ಲಿರಬೇಕು, ಏನು ಮಾಡಬೇಕು, ಕೊನೆಗೆ ಯಾವಾಗ ಯಾರನ್ನ ಮದುವೆ ಆಗಬೇಕು ಅನ್ನೋದಕ್ಕೂ ಬಾಸೆಲ್‌ನ ಒಪ್ಪಿಗೆ ಬೇಕು. ಕಾಗದ ಹಡಗಿನಲ್ಲಿ ಹೋಗಿ ಉತ್ತರ ಬರೋ ಹೊತ್ತಿಗೆ ತಿಂಗಳುಗಳೇ ಉರುಳುತ್ತಿದ್ದವು. ಇಂಥ ಸಂಸ್ಥೆಯೊಳಗೆ ಯೇಸುವಿನ ಮಾತು ಮೊದಲೋ ಸಮಿತಿಯ ಮಾತು ಮೊದಲೋ ಅನ್ನೋ ಪ್ರಶ್ನೆ ಎಂದಾದರೂ ಬರಲೇಬೇಕಿತ್ತು. ಮೊಗ್ಲಿಂಗರ ಪಾಲಿಗೆ ಅದು ಒಂದಲ್ಲ, ಹಲವು ಸಲ ಬಂತು.

ಮೊದಲ ಸಲ ಬಂದದ್ದು ಊಟದ ವಿಷಯದಲ್ಲಿ.

ಮಂಗಳೂರಿನಲ್ಲಿ ಮಿಷನ್ನಿನ ಹುಡುಗರಿಗಾಗಿ ಒಂದು ವಸತಿ ಶಾಲೆ ನಡೆಯುತ್ತಿತ್ತು. ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿ ಅದರಿಂದಲೇ ಬೆಳೆದು, ಆಮೇಲೆ ಬಲ್ಮಠದ ಗುಡ್ಡದ ಮೇಲೆ ನೆಲೆಯೂರಿತು. ಮೊಗ್ಲಿಂಗರಿಗೆ ಈ ಹುಡುಗರ ಜವಾಬ್ದಾರಿ ಬಂತು. ಆಗಿನ ರೂಢಿ ಏನಪ್ಪಾ ಅಂದ್ರೆ, ಐರೋಪ್ಯ ಪಾದ್ರಿಗೆ ಬಂಗಲೆ, ಮೇಜು, ಅಡುಗೆಯಾಳು. ಹುಡುಗರಿಗೆ ಬೇರೆ ಕಟ್ಟಡ, ಬೇರೆ ಅಡುಗೆ. ಪಾದ್ರಿ ಪಾಠ ಹೇಳಿ ಬಂಗಲೆಗೆ ವಾಪಸು. ಮೊಗ್ಲಿಂಗ್ ಈ ದೂರವನ್ನೇ ತೆಗೆದುಹಾಕಿದರು. ಹುಡುಗರ ಮನೆಯಲ್ಲೇ ವಾಸ, ಹುಡುಗರಿಗೆ ಬಡಿಸಿದ್ದೇ ತಮಗೂ ಊಟ.

ಹಾಸ್ಟೆಲ್ ಮೆಸ್ಸಿನಲ್ಲಿ ಬೆಳೆದ ನಮಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. 1840ರ ದಶಕದ ಮಂಗಳೂರಿನಲ್ಲಿ ವಿಶೇಷ ಇತ್ತು. ಆ ಹುಡುಗರು ಬೇರೆ ಬೇರೆ ಜಾತಿಗಳಿಂದ ಬಂದವರು. ಒಬ್ಬರ ನೆರಳು ಒಬ್ಬರಿಗೆ ಆಗದ ಕಾಲ. ಒಂದೇ ಪಂಕ್ತಿಯಲ್ಲಿ ಕೂತು ಅನ್ನ ಉಂಡರೆ ಮನೆ, ಕುಲ, ಆಸ್ತಿ, ಹೆಂಡತಿ ಎಲ್ಲ ಹೋಯಿತು ಅಂತಲೇ ಲೆಕ್ಕ. ಇನ್ನೊಂದು ಕಡೆ ಬಿಳಿಯರ ನಡುವೆಯೂ ಒಂದು ಜಾತಿ ಇತ್ತು, ಅದಕ್ಕೆ ಹೆಸರು ಇರಲಿಲ್ಲ ಅಷ್ಟೇ. ಕಂಪನಿ ಸರಕಾರದ ದೊರೆಗಳು ಕೂರುವ ಕುರ್ಚಿಗೆ ಸರಿಸಮನಾದ ಕುರ್ಚಿ ಪಾದ್ರಿಗೂ ಬೇಕು ಅನ್ನೋ ನಂಬಿಕೆ. ಮೊಗ್ಲಿಂಗ್ ಎರಡನ್ನೂ ಒಂದೇ ಊಟದಲ್ಲಿ ಮುರಿದರು. ಪ್ರಸಂಗದಲ್ಲಿ ಸಮಾನತೆ ಹೇಳಿ ಊಟಕ್ಕೆ ಬೇರೆ ಕೋಣೆಗೆ ಹೋಗೋದು ಅವರಿಗೆ ಸುಳ್ಳು ಅನ್ನಿಸಿತ್ತು. ಅವರ ಬದುಕಿನಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಇದೇ, ಪತ್ರಿಕೆಗಿಂತ, ಪುಸ್ತಕಗಳಿಗಿಂತ.

ಇದರ ಬೆಲೆ ಯಾರು ಕೊಟ್ಟರು ಅನ್ನೋದನ್ನೂ ಹೇಳಲೇಬೇಕು. ಮೊಗ್ಲಿಂಗರ ಶಾಲೆಯಲ್ಲಿ ಆನಂದರಾವ್ ಕೌಂಡಿನ್ಯ ಅನ್ನೋ ಸಾರಸ್ವತ ಬ್ರಾಹ್ಮಣ ಹುಡುಗ ಓದುತ್ತಿದ್ದ. 1844ರ ಜನವರಿ 6ರಂದು ಅವನೂ ಇನ್ನಿಬ್ಬರು ಗೆಳೆಯರೂ ದೀಕ್ಷಾಸ್ನಾನ ಪಡೆದರು. ಕೌಂಡಿನ್ಯನಿಗೆ ಆಗ ಇಪ್ಪತ್ತೂ ತುಂಬಿರಲಿಲ್ಲ, ನಮ್ಮ ನಿಮ್ಮ ವಯಸ್ಸು. ಗುರುವಿನ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಆದ. ಊರಿಗೆ ಊರೇ ಎದ್ದು ನಿಂತಿತು. ಮನೆಯವರ ಸಂಕಟ ಊಹಿಸಬಹುದು. ಮಗ ಇದ್ದೂ ಸತ್ತ ಹಾಗೆ. ಅವನಿಗೆ ಆಗಲೇ ಮದುವೆ ಆಗಿತ್ತು. ಹೆಂಡತಿ ಲಕ್ಷ್ಮಿ ಅವನ ಹತ್ತಿರ ಬರಲೇ ಇಲ್ಲ. ಆಕೆ ಒಲ್ಲೆ ಅಂದಳೋ, ಆಕೆಯ ಪರವಾಗಿ ಮನೆಯವರು ಒಲ್ಲೆ ಅಂದರೋ, ಯಾವುದಾದರೂ ಆ ಹೆಣ್ಣುಮಗಳ ಬದುಕು ಅಲ್ಲಿಗೆ ನಿಂತಿತು. ಚರಿತ್ರೆಯ ಪುಸ್ತಕಗಳಲ್ಲಿ ಆಕೆಗೆ ಸಿಗೋದು ಒಂದು ಸಾಲು. ನಂಬಿಕೆಗೆ ಮೊದಲ ಜಾಗ ಕೊಟ್ಟವರ ಕಥೆ ಓದುವಾಗ ಅವರ ಮನೆಯಲ್ಲಿ ಎರಡನೇ ಜಾಗಕ್ಕೆ ಸರಿದವರು ಯಾರು ಅಂತ ನಾವು ಕೇಳಿಕೊಳ್ಳಬೇಕು ಅನ್ನಿಸುತ್ತೆ. ಕೌಂಡಿನ್ಯ 1846ರಲ್ಲಿ ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿಯೇ ತಿರುಗಿ ಬಂದರು. ಎಷ್ಟೋ ವರ್ಷ ಕಾದ ಮೇಲೆ, 1860ರಲ್ಲಿ, ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಹೆಂಗಸನ್ನು ಮದುವೆಯಾದರು.

ಈಗ ಪತ್ರಿಕೆಗೆ ಬರೋಣ. ಈ ಗಲಾಟೆಗಿಂತ ಆರು ತಿಂಗಳ ಮುಂಚೆ, 1843ರ ಜುಲೈ 1ರಂದು, ‘ಮಂಗಳೂರು ಸಮಾಚಾರ’ ಶುರುವಾಯಿತು. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ. ಊರಿನ ಸುದ್ದಿ, ಸರಕಾರದ ಆಜ್ಞೆ, ಬೇರೆ ರಾಜ್ಯಗಳ ವರ್ತಮಾನ, ನೀತಿ, ಕಥೆ, ಜೊತೆಗೆ ದಾಸರ ಪದ ಕೂಡ. ಅಚ್ಚು ಮಾಡಿದ್ದು ಕಲ್ಲಚ್ಚಿನಲ್ಲಿ. ನಮ್ಮ ಮೆಕ್ಯಾನಿಕಲ್ ಗೆಳೆಯರಿಗೆ ಖುಷಿ ಕೊಡೋ ತಂತ್ರ ಇದು: ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಅಕ್ಷರ ಮೂಡಿಸೋದು, ಕಲ್ಲನ್ನು ಒದ್ದೆ ಮಾಡೋದು, ಆಮೇಲೆ ಮಸಿಯ ರೋಲರ್ ಉರುಳಿಸೋದು. ನೀರು ಇದ್ದ ಕಡೆ ಮಸಿ ಹತ್ತಲ್ಲ, ಜಿಡ್ಡು ಇದ್ದ ಕಡೆ ಮಾತ್ರ ಹತ್ತುತ್ತೆ. ಎಣ್ಣೆಗೂ ನೀರಿಗೂ ಆಗಿಬರಲ್ಲ ಅನ್ನೋ ಅಡುಗೆಮನೆಯ ಸತ್ಯದ ಮೇಲೆ ಒಂದು ಅಚ್ಚುಕೂಟ ನಿಂತಿತ್ತು. ಕನ್ನಡದ ಸೀಸದ ಅಚ್ಚುಮೊಳೆ ಕೈಯಲ್ಲಿ ಇಲ್ಲದಿದ್ದರೂ ಕೈಬರಹವನ್ನೇ ನೂರಾರು ಪ್ರತಿ ತೆಗೆಯಬಹುದಿತ್ತು. 1844ರಲ್ಲಿ ಪತ್ರಿಕೆ ಮೊಳೆಯಚ್ಚು ಇದ್ದ ಬಳ್ಳಾರಿಗೆ ಹೋಯಿತು, ‘ಕನ್ನಡ ಸಮಾಚಾರ’ ಅಂತ ಹೆಸರೂ ಬದಲಾಯಿತು. ಹೆಚ್ಚು ದಿನ ಬಾಳಲಿಲ್ಲ.

ಅದಕ್ಕಿಂತ ದೊಡ್ಡ ಕೆಲಸ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಅನ್ನೋ ಪುಸ್ತಕಮಾಲೆ. ಓಲೆಗರಿಗಳಲ್ಲಿ ಉಳಿದಿದ್ದ ಕನ್ನಡ ಕಾವ್ಯಗಳನ್ನು ಹುಡುಕಿಸಿ ಅಚ್ಚು ಮಾಡಿಸೋದು. ದುಡ್ಡು ಕೊಟ್ಟವರು ಕಾಸಾಮೇಜರ್ ಅನ್ನೋ ನಿವೃತ್ತ ನ್ಯಾಯಾಧೀಶರು, ನೀಲಗಿರಿಯ ಕೇತಿಯಲ್ಲಿ ಇದ್ದವರು. ಮೊಗ್ಲಿಂಗರ ಜೊತೆ ಹೆಗಲು ಕೊಟ್ಟವರು ಅವರದೇ ಸೋದರ ಸಂಬಂಧಿ ಗಾಟ್‌ಫ್ರೀಡ್ ವೀಗಲ್, ಒಳ್ಳೇ ಕನ್ನಡ ಪಂಡಿತ. ಲಕ್ಷ್ಮೀಶನ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ ಎಲ್ಲ ಹೀಗೆ ಮಂಗಳೂರಿನ ಕಲ್ಲಿನ ಮೇಲಿಂದ ಕಾಗದಕ್ಕೆ ಇಳಿದವು. 1850ರಲ್ಲಿ ದಾಸರ ಪದಗಳ ಸಂಗ್ರಹವೂ ಬಂತು. ಪುರಂದರದಾಸರ, ಕನಕದಾಸರ ಹಾಡುಗಳನ್ನು ಪುಸ್ತಕವಾಗಿ ಅಚ್ಚುಹಾಕಿಸಿದವರು ಒಬ್ಬ ಕ್ರೈಸ್ತ ಪಾದ್ರಿ ಅನ್ನೋದು ನಮಗೆಲ್ಲ ಈಗಲೂ ಆಶ್ಚರ್ಯವೇ.

ಇಲ್ಲಿ ಒಂದು ಎಚ್ಚರ. ಮೊಗ್ಲಿಂಗ್ ಕನ್ನಡ ಸೇವೆ ಮಾಡೋಕೆ ಹಡಗು ಹತ್ತಿದವರಲ್ಲ. ಮತಪ್ರಚಾರಕ್ಕೆ ಬಂದವರು, ಕೊನೇವರೆಗೂ ಅದೇ ಅವರ ಕೆಲಸ. ಈ ಜನ ಏನು ಹಾಡ್ತಾರೆ, ಏನನ್ನ ನಂಬ್ತಾರೆ ಅಂತ ತಿಳಿಯದೆ ಅವರ ಹತ್ತಿರ ಮಾತಾಡೋಕೆ ಆಗಲ್ಲ ಅನ್ನೋದು ಈ ಅಚ್ಚಿನ ಹಿಂದಿದ್ದ ಲೆಕ್ಕ. ನಾಡಿನ ದೇವತೆಗಳ ಬಗ್ಗೆ, ಆಚಾರಗಳ ಬಗ್ಗೆ ಆ ಕಾಲದ ಮಿಷನರಿಗಳಿಗಿದ್ದ ಕಟುವಾದ ಅಭಿಪ್ರಾಯ ಅವರಿಗೂ ಇತ್ತು. ಅವರನ್ನು ಬರೀ ಕನ್ನಡ ಪ್ರೇಮಿ ಅಂತ ಹೊಗಳಿ ಶಾಲು ಹೊದಿಸಿದರೆ ಅವರ ಬದುಕಿನ ನಡುಗಂಬವನ್ನೇ ಕಿತ್ತ ಹಾಗೆ. ಆದರೆ ಹುಡುಗರ ಜೊತೆ ಕೂತು ಉಂಡವರಿಗೆ ಹುಡುಗರ ಮನೆಯ ಹಾಡು ಕಿವಿಗೆ ಬೀಳದೆ ಇರುತ್ತಾ? ಲೆಕ್ಕಕ್ಕೆ ಶುರು ಮಾಡಿದ್ದು ಎಲ್ಲೋ ಪ್ರೀತಿಯಾಗಿ ತಿರುಗಿತು ಅನ್ನೋದಕ್ಕೆ ಅವರು ಆಮೇಲೆ ಮಾಡಿದ ಕೆಲಸವೇ ಸಾಕ್ಷಿ.

1850ರಲ್ಲಿ ಬಾಸೆಲ್‌ನ ಆಡಳಿತ ಯೋಸೆಫ್ ಯೋಸೆನ್‌ಹಾನ್ಸ್ ಅನ್ನೋರ ಕೈಗೆ ಬಂತು. ಶಿಸ್ತಿನ ಮನುಷ್ಯ. 1851–52ರಲ್ಲಿ ಖುದ್ದಾಗಿ ಇಲ್ಲಿಗೇ ಬಂದು ಎಲ್ಲ ಠಾಣೆಗಳನ್ನು ತಪಾಸಣೆ ಮಾಡಿ ಹೋದರು. ಎಲ್ಲಕ್ಕೂ ನಿಯಮ, ಎಲ್ಲಕ್ಕೂ ವರದಿ. ಸಂಸ್ಥೆ ಬೆಳೆದ ಮೇಲೆ ಹೀಗೆ ಬೇಕಾಗುತ್ತೆ ಅಂತ ಅವರ ಪರವಾಗಿಯೂ ಹೇಳಬಹುದು. ಆದರೆ ಮನಸ್ಸಾಕ್ಷಿ ಎಳೆದ ಕಡೆ ಹೊರಟುಬಿಡೋ ಮೊಗ್ಲಿಂಗರಂಥವರಿಗೆ ಇದು ಬಿಗಿಯಾದ ಅಂಗಿ.

ಅಷ್ಟರಲ್ಲಿ ಕೊಡಗಿನಿಂದ ಒಬ್ಬರು ಬಂದರು. ಅಲ್ಮಂಡ ಸೋಮಯ್ಯ, ಕೊಡವರು. ಕ್ರೈಸ್ತರಾಗಬೇಕು ಅಂತ ಅವರೇ ಹುಡುಕಿಕೊಂಡು ಬಂದವರು. 1853ರ ಶುರುವಿನಲ್ಲಿ ಅವರಿಗೆ ದೀಕ್ಷಾಸ್ನಾನ ಆಯಿತು. ಕೊಡಗಿನಲ್ಲಿ ಮನುಷ್ಯ ಅಂದರೆ ಒಕ್ಕ, ಒಕ್ಕ ಅಂದರೆ ಐನ್‌ಮನೆ. ಜಮೀನು ಇಡೀ ಮನೆತನದ್ದು, ಒಬ್ಬರ ಹೆಸರಿನದಲ್ಲ. ಆ ಮನೆಯಿಂದ ಹೊರಬಿದ್ದವರಿಗೆ ಗದ್ದೆಯೂ ಇಲ್ಲ, ಬಂಧುಗಳೂ ಇಲ್ಲ. ಸೋಮಯ್ಯನವರಿಗೆ ಆದದ್ದೂ ಇದೇ. ಬಾಸೆಲ್ ಮಿಷನ್ನಿಗೆ ಆಗ ಕೊಡಗಿನಲ್ಲಿ ಠಾಣೆ ತೆರೆಯುವ ಮನಸ್ಸಿರಲಿಲ್ಲ. ದೀಕ್ಷೆ ಕೊಟ್ಟು, ಒಳ್ಳೇದಾಗಲಿ ಅಂತ ಹೇಳಿ ಕಳಿಸಿಬಿಟ್ಟರೆ ಮಿಷನ್ನಿನ ನಿಯಮಕ್ಕೆ ಅಷ್ಟೇ ಸಾಕಿತ್ತು. ಮೊಗ್ಲಿಂಗ್ ಹಾಗೆ ಮಾಡಲಿಲ್ಲ. ನಲವತ್ತು ದಾಟಿದ, ಆರೋಗ್ಯ ಕೆಟ್ಟಿದ್ದ ಮನುಷ್ಯ, ಸೋಮಯ್ಯನವರ ಜೊತೆ ಘಟ್ಟ ಹತ್ತಿದರು. ಮಿಷನ್ನಿನ ಅಧಿಕೃತ ಕೆಲಸ ಅಲ್ಲ, ಮಿಷನ್ನಿನ ಹಣವೂ ಅಲ್ಲ. ತನ್ನಿಂದಾಗಿ ಮನೆ ಕಳಕೊಂಡವನನ್ನು ಒಬ್ಬನೇ ಬಿಡೋದಾದರೆ ಸಭೆ ಅನ್ನೋ ಮಾತಿಗೆ ಅರ್ಥ ಏನು? ಅವರು ಹೊರಟದ್ದರಲ್ಲೇ ಇದಕ್ಕೆ ಉತ್ತರ ಇದೆ.

ಅಲ್ಲಿಂದ ಮುಂದಿನ ಹೆಜ್ಜೆ ಇನ್ನೂ ಕಷ್ಟದ್ದು. ಕೊಡಗಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರು ತಲೆಮಾರುಗಳಿಂದ ಜೀತಕ್ಕಿದ್ದ ದಲಿತರು. 1843ರ ಕಾಯ್ದೆ ಗುಲಾಮಗಿರಿಗೆ ಇದ್ದ ಕಾನೂನಿನ ಬೆಂಬಲ ತೆಗೆದಿತ್ತು. ಆದರೆ ಕಾಯ್ದೆ ಹೊಟ್ಟೆಗೆ ಅನ್ನ ಹಾಕಲ್ಲ, ಕಾಲಡಿಗೆ ನೆಲ ಕೊಡಲ್ಲ. ಈ ಜನರಲ್ಲಿ ಕೆಲವರು ಮೊಗ್ಲಿಂಗರ ಹತ್ತಿರ ಬರತೊಡಗಿದರು. ಸಿದ್ದಾಪುರದ ಹತ್ತಿರ ಅವರಿಗಾಗಿ ಒಂದು ಊರು ಎದ್ದಿತು, ಹೆಸರು ಆನಂದಪುರ. ಮನೆ, ಹೊಲ, ಕಾಫಿ, ಶಾಲೆ, ಪ್ರಾರ್ಥನೆ ಎಲ್ಲ ಒಂದೇ ಕಡೆ. ಕೊಡವ ಒಕ್ಕದ ಸೋಮಯ್ಯನವರೂ, ಅಂಥ ಒಕ್ಕಗಳ ಗದ್ದೆಯಲ್ಲಿ ಜೀತ ಮಾಡಿದವರೂ ಈಗ ಒಂದೇ ಸಭೆಯ ಸದಸ್ಯರು. ಕಾಗದದ ಮೇಲೆ ಇದು ಸುಂದರ. ನಿಜದಲ್ಲಿ ಎಷ್ಟು ಇಕ್ಕಟ್ಟು ಇದ್ದಿರಬೇಕು ಅಂತ ಯೋಚಿಸಿ. ಮಂಗಳೂರಿನ ಪಂಕ್ತಿಗಿಂತ ಉದ್ದದ ಪಂಕ್ತಿ ಇದು.

ಇದೇ ಹೊತ್ತಿಗೆ ಮಂಗಳೂರಿನಲ್ಲಿ ಮಿಷನ್ ಬೇರೆ ದಾರಿ ಹಿಡಿದಿತ್ತು. ಜಾತಿ ಬಿಟ್ಟು ಬಂದವರಿಗೆ ಕಸುಬೂ ಹೋಗುತ್ತೆ, ಅವರಿಗೆ ಕೆಲಸ ಬೇಕಲ್ಲ. 1851ರಲ್ಲಿ ನೇಯ್ಗೆ ಶುರುವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ. ನಮ್ಮ ಸಿವಿಲ್ ವಿಭಾಗದವರು ಇವತ್ತೂ ಮಂಗಳೂರು ಹೆಂಚು ಅಂತ ಬರೆಯೋದು ಅಲ್ಲಿಂದ ಬಂದದ್ದು. ಕಾರ್ಖಾನೆ ಗೆದ್ದಿತು, ದೇಶ ದಾಟಿತು. ಮೊಗ್ಲಿಂಗರ ತೋಟದ ಊರು ಅಷ್ಟು ದೊಡ್ಡ ಹೆಸರು ಮಾಡಲಿಲ್ಲ. ಎರಡರ ಹಿಂದೆಯೂ ಇದ್ದದ್ದು ಒಂದೇ ಚಿಂತೆ, ಭಾನುವಾರದ ನಂಬಿಕೆಗೆ ಸೋಮವಾರದ ಕೂಲಿ ಹುಡುಕೋದು.

1855ರಲ್ಲಿ ಮೊಗ್ಲಿಂಗ್ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ‘ಕೂರ್ಗ್ ಮೆಮಾಯರ್ಸ್’ ಅನ್ನೋ ಪುಸ್ತಕ ಬರೆದರು. ಅಲ್ಲಿನ ಚರಿತ್ರೆ, ಜನ, ತಮ್ಮ ಕೆಲಸ ಎಲ್ಲವೂ ಅದರಲ್ಲಿದೆ. ಅದೇ ವರ್ಷ ವೀಗಲ್ ತೀರಿಕೊಂಡರು. ಆಮೇಲೆ ಅವರ ಹೆಂಡತಿ ಪೌಲೀನಾ ಅವರನ್ನು ಮೊಗ್ಲಿಂಗ್ ಮದುವೆಯಾದರು. ಆಕೆಗೆ ನಾಲ್ಕು ಮಕ್ಕಳು. ಜೊತೆಯಲ್ಲಿ ದುಡಿದವನ ಸಂಸಾರ ದಿಕ್ಕಿಲ್ಲದೆ ಆಗಬಾರದು ಅನ್ನೋದೂ ಇದರಲ್ಲಿ ಇದ್ದಿರಬೇಕು ಅಂತ ನಮ್ಮ ಊಹೆ. 1857ರಲ್ಲಿ ಮಿಷನ್ ಕೊನೆಗೂ ಕೊಡಗಿನ ಕೆಲಸವನ್ನು ತನ್ನದು ಅಂತ ಒಪ್ಪಿಕೊಂಡಿತು. ಮುಂದಿನ ವರ್ಷ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರ ಕನ್ನಡ ಪುಸ್ತಕಮಾಲೆಗಾಗಿ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡದ ಕೆಲಸಕ್ಕೆ ಯುರೋಪಿನಲ್ಲಿ ಡಾಕ್ಟರೇಟ್, ಅದೂ 1858ರಲ್ಲಿ! ಆ ಮನುಷ್ಯ ಆಗ ಘಟ್ಟದ ಮೇಲೆ ಕಾಫಿ ಗಿಡ, ಕೂಲಿ ಲೆಕ್ಕ, ಮಳೆ, ಜ್ವರ ಅಂತ ಒದ್ದಾಡುತ್ತಿದ್ದರು.

ಪೌಲೀನಾ ಅವರ ಆರೋಗ್ಯ ಹದಗೆಟ್ಟಿತು. 1860ರಲ್ಲಿ ಮೊಗ್ಲಿಂಗ್ ಹೆಂಡತಿಯನ್ನು ಕರಕೊಂಡು ಜರ್ಮನಿಗೆ ಹೊರಟರು. ಆನಂದಪುರವನ್ನು ಬಿಡೋದು ಅವರಿಗೆ ಸುಲಭ ಆಗಿರಲಿಕ್ಕಿಲ್ಲ, ಆದರೂ ಈ ಸಲ ಮನೆಯವರ ಜೀವ ಮೊದಲಾಯಿತು. ಇದನ್ನು ಅವರ ನಂಬಿಕೆಯ ಸೋಲು ಅಂತ ಯಾರಾದರೂ ಹೇಳಿದರೆ ನಾವು ಒಪ್ಪಲ್ಲ. ಮತ್ತೆ ಅವರು ಈ ಕಡೆ ಬರಲಿಲ್ಲ.

ಅಲ್ಲಿ ಕೂತು ಅವರು ಮಾಡಿದ್ದೇನು ಗೊತ್ತಾ? ದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದ ಮಾಡಿದರು. 1860ರಲ್ಲಿ ಅವು ಅಲ್ಲಿನ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ ಅಚ್ಚಾದವು. ಆಮೇಲೆ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್‌ಗೆ ತಂದರು. 1866ರಲ್ಲಿ ವೈಟ್‌ಬ್ರೆಖ್ಟ್ ಎಂಬುವರ ಜೊತೆ ಸೇರಿ ಕೊಡಗಿನ ಬಗ್ಗೆ ಜರ್ಮನ್ ಪುಸ್ತಕ ಬರೆದರು. ಮತಪ್ರಚಾರದ ಲೆಕ್ಕಕ್ಕೆ ಇದ್ಯಾವುದೂ ಬೇಕಿರಲಿಲ್ಲ. ಜರ್ಮನಿಯಲ್ಲಿ ಯಾರನ್ನ ಮತಾಂತರ ಮಾಡೋಕೆ ಪುರಂದರದಾಸರ ಹಾಡು ಬೇಕು?

1881ರ ಮೇ 10ರಂದು ಮೊಗ್ಲಿಂಗ್ ಎಸ್ಲಿಂಗೆನ್ ಊರಿನಲ್ಲಿ ತೀರಿಕೊಂಡರು. ಮರುವರ್ಷವೇ ಹಳೇ ಗೆಳೆಯ ಗುಂಡರ್ಟ್ ಅವರ ಜೀವನಚರಿತ್ರೆ ಪ್ರಕಟಿಸಿದರು. ಈ ಕಡೆ ಕೊಡಗಿನಲ್ಲಿ, ಆನಂದಪುರದ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ಹರ್ಮನ್ ಆನಂದರಾವ್ ಕೌಂಡಿನ್ಯರೂ ಒಬ್ಬರು. ಹತ್ತೊಂಬತ್ತನೇ ವಯಸ್ಸಿನ ಒಳಗೇ ಮನೆ ಬಿಟ್ಟು ಮೊಗ್ಲಿಂಗರ ಪಕ್ಕ ಊಟಕ್ಕೆ ಕೂತಿದ್ದ ಅದೇ ಹುಡುಗ. ಅವರು 1893ರವರೆಗೆ ಬದುಕಿದ್ದರು.